ಲಾಡಿ ಉದ್ದವಾದ ವರ್ಷ

ಸೃಷ್ಟಿ, ಸಮರ್ಥ,

ಇದನ್ನು ನಿಮ್ಮಿಬ್ಬರಿಗಾಗಿ ಬರೆಯುತ್ತಿದ್ದೇನೆ. ಸೃಷ್ಟಿ, ನೀನು ಶುಕ್ರವಾರದ ಕನ್ನಡ ಕ್ಲಾಸಿನಲ್ಲಿ ಒತ್ತಕ್ಷರ ಮುಗಿಸಿದ್ದೀಯ, ನಿಧಾನವಾಗಿ ಓದಿದರೆ ನಿನಗೆ ತಿಳಿಯುತ್ತದೆ. ಸಮರ್ಥನಿಗೆ ನೀನೇ ಓದಿ ಹೇಳಬೇಕು. ನಾನು ಊರಿನ ಶಾಲೆಯಲ್ಲಿ ಏಳನೆಯ ಇಯತ್ತೆಯವರೆಗೆ ಕಲಿತವಳು. ನಿಮ್ಮ ಅಜ್ಜ ಪೋಸ್ಟ್‌ಮನ್ ಆಗಿದ್ದರು, ಓದುಬರಹ ಬಾರದವರ ಕಟ್ಟೆಯ ಮೇಲೆ ಕೂತು ಅವರ ಪತ್ರಗಳನ್ನೆಲ್ಲ ಬರೆದುಕೊಡುತ್ತಿದ್ದರು. ನಾನು ಮಾತ್ರ ಯಾರಿಗೂ ಒಂದು ಪತ್ರ ಬರೆದವಳಲ್ಲ. ತಪ್ಪಿದ್ದರೆ ತಿದ್ದಿಕೊಂಡು ಓದಿ.

ಹೋದ ವರ್ಷ ನಾನು ಆಸ್ಪತ್ರೆಯಲ್ಲಿದ್ದಾಗ ನಿಮಗೆ ಅಜ್ಜಿಗೆ ಗ್ಯಾಸ್ ಆಗಿದೆ ಎಂದು ಹೇಳಿದ್ದರು. ಮನೆಗೆ ಬಂದ ಮೇಲೆ ಸಮರ್ಥ ನನ್ನ ಹೊಟ್ಟೆಯ ಮೇಲಿನ ಉದ್ದ ಗೆರೆ ಕಂಡು, ಅಜ್ಜಿ ಒಳಗೆ ಪಾಪು ಇತ್ತಾ ಎಂದು ಕೇಳಿದ. ನಿಮ್ಮ ಮಮ್ಮಿ ಅವನನ್ನು ಗದರಿಸಿ ಹೊರಗೆ ಕಳಿಸಿದಳು. ಅವನು ಕೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಉತ್ತರ ಹೇಳಲು ನನಗೆ ಇಷ್ಟು ದಿನ ಬೇಕಾಯಿತು, ಅಷ್ಟೇ.

ನನ್ನ ಕಾಯಿಲೆ ಮೊದಲು ತಿಳಿದದ್ದು ನನ್ನ ಲಂಗದ ಲಾಡಿಗೆ. ಗಂಟು ಹಾಕಿದ ಮೇಲೆ ಒಂದು ಗೇಣು ಜೋತು ಬೀಳುತ್ತಿದ್ದ ಲಾಡಿ ಗಂಟಿಗೇ ಸಾಲದಾಯಿತು. ಒಗೆದು ಕುಗ್ಗಿರಬೇಕು ಎಂದುಕೊಂಡೆ. ಹಳೆಯ ಲಂಗದ ಲಾಡಿ ಕಿತ್ತು ಇದಕ್ಕೆ ಜೋಡಿಸಿದೆ. ಎರಡು ತಿಂಗಳಿಗೆ ಅದೂ ಗಿಡ್ಡವಾಯಿತು. ಮತ್ತೊಂದು ತುಂಡು ಜೋಡಿಸಿದೆ. ಹೀಗೆ ಮೂರು ಸಲ ಮಾಡಿದೆ, ಒಂದು ಸಲವೂ ಯಾರಿಗೂ ಹೇಳಲಿಲ್ಲ.

ಶುಕ್ರವಾರ ನಾನು ನಿಮ್ಮನ್ನು ಕ್ಲಾಸಿಗೆ ಬಿಡಲು ಹೋದಾಗ ಹೊರಗೆ ಕೂರುವ ಹೆಂಗಸರು, ಅಮ್ಮಾರಿಗೆ ಬಹರೈನಿನ ನೀರು ಒಗ್ಗಿತು, ಬಂದಾಗ ಕಡ್ಡಿಯಾಗಿದ್ದರು ಎಂದು ನಗುತ್ತಿದ್ದರು. ಅವರು ಪ್ರೀತಿಯಿಂದಲೇ ಅಂದದ್ದು. ನನಗೆ ಮಾತ್ರ ಮೈಮೇಲೆ ನೀರು ಸುರಿದ ಹಾಗಾಗುತ್ತಿತ್ತು. ಗಂಡ ಹೋದವಳು ಮಗಳ ಮನೆಯಲ್ಲಿ ಕೂತು ತಿಂದು ಉಬ್ಬಿದಳು ಎಂದು ಯಾರ ಬಾಯಲ್ಲಾದರೂ ಬಂದೀತೆಂದು ರಾತ್ರಿಯ ರೊಟ್ಟಿ ಬಿಟ್ಟೆ. ಆಮೇಲೆ ಬೆಳಗಿನ ಉಪ್ಪಿಟ್ಟಿನಲ್ಲಿ ಅರ್ಧ ಬಿಟ್ಟೆ. ಬಿಡುವುದು ಕಷ್ಟವೂ ಆಗಲಿಲ್ಲ, ನಾಲ್ಕು ತುತ್ತಿಗೇ ಹೊಟ್ಟೆ ಬಿರಿದಂತೆ ಆಗುತ್ತಿತ್ತು. ಹೊಟ್ಟೆ ಕರಗಲಿಲ್ಲ. ಕೈಕಾಲು ಕರಗಿದವು.

ಎಡಗಡೆ ಒಳಗೆ ಯಾವಾಗಲೂ ಭಾರ, ಯಾರೋ ಕಲ್ಲು ಕಟ್ಟಿ ಬಿಟ್ಟ ಹಾಗೆ. ಗಳಿಗೆಗೊಮ್ಮೆ ಬಾತ್‌ರೂಮಿಗೆ ಹೋಗಬೇಕು. ಸನದ್ ಬಡಾವಣೆಯ ನಮ್ಮ ಮನೆಯಲ್ಲಿ ಬಾತ್‌ರೂಮಿನ ಬಾಗಿಲು ಹಾಲಿನಲ್ಲೇ ಇರುವುದು, ನಿಮಗೆ ಗೊತ್ತು. ನಿಮ್ಮ ಪಪ್ಪ ಸೋಫಾದ ಮೇಲೆ ಕೂತಿದ್ದರೆ ನಾನು ಅವರ ಮುಂದೆ ಹಾಯ್ದು ಹೋಗಲಾರದೆ ಅಡುಗೆಮನೆಯಲ್ಲೇ ತಡೆದುಕೊಂಡು ನಿಲ್ಲುತ್ತಿದ್ದೆ.

ಇದು ನಿಮಗೆ ವಿಚಿತ್ರ ಅನ್ನಿಸಬಹುದು. ನಮ್ಮ ಬಾಗಲಕೋಟೆ ಕಡೆ ಅತ್ತೆಯಾದವಳು ಅಳಿಯನ ಮುಖ ನೋಡಿ ಮಾತಾಡುವುದಿಲ್ಲ. ತಲೆಯ ಮೇಲೆ ಸೆರಗು ಇರಬೇಕು. ಹೇಳುವುದಿದ್ದರೆ ಬಾಗಿಲ ಮರೆಯಿಂದ, ಇಲ್ಲವೇ ಮಗಳ ಬಾಯಿಂದ. ಅದು ಸಿಟ್ಟಲ್ಲ, ಮರ್ಯಾದೆ. ನಿಮ್ಮ ಪಪ್ಪನೂ ನಾನು ಬಂದರೆ ಕಾಲು ಕೆಳಗಿಳಿಸಿ ಬೇರೆ ಕಡೆ ನೋಡುತ್ತಾರೆ. ನಾನು ಈ ಮನೆಗೆ ಬಂದು ಆರು ವರ್ಷವಾಗಿತ್ತು, ನಾವಿಬ್ಬರು ನೇರವಾಗಿ ಆಡಿದ ಮಾತನ್ನು ಬೆರಳಲ್ಲಿ ಎಣಿಸಬಹುದಿತ್ತು.

ಮೈಯ ಮಾತನ್ನು ನಾನು ಹೇಳಿಕೊಳ್ಳುತ್ತಿದ್ದದ್ದು ಒಬ್ಬರ ಹತ್ತಿರ, ನಿಮ್ಮ ಅಜ್ಜನ ಹತ್ತಿರ. ಅವರು ಹೋದ ಮೇಲೆ ಆ ಮಾತುಗಳೇ ನನ್ನ ಬಾಯಿಂದ ಹೋಗಿದ್ದವು.

ಒಂದು ದಿನ ಒಲೆಯ ಮುಂದೆ ತಲೆ ತಿರುಗಿ ಕೂತುಬಿಟ್ಟೆ. ನಿಮ್ಮ ಮಮ್ಮಿಗೆ ಅದ್ಲಿಯಾದ ಹೋಟೆಲ್ ಆಫೀಸಿನಲ್ಲಿ ರಜೆ ಸಿಗಲಿಲ್ಲ. ನಿಮ್ಮ ಪಪ್ಪನೇ ಮೀನಾ ಸಲ್ಮಾನ್ ಬಂದರಿನ ವರ್ಕ್‌ಶಾಪಿನಿಂದ ಅರ್ಧ ದಿನ ಬಿಡಿಸಿಕೊಂಡು ಬಂದು ನನ್ನನ್ನು ಕ್ಲಿನಿಕ್ಕಿಗೆ ಕರೆದುಕೊಂಡು ಹೋದರು. ಅವರ ಅಂಗಿಯಲ್ಲಿ ಆಯಿಲ್ ವಾಸನೆಯಿತ್ತು. ಡಾಕ್ಟರು ಇಂಗ್ಲಿಷಿನಲ್ಲಿ ಕೇಳುವರು, ನಿಮ್ಮ ಪಪ್ಪ ಮೇಜಿನ ಮೇಲಿನ ಪೆನ್ನನ್ನು ನೋಡುತ್ತ ಕನ್ನಡದಲ್ಲಿ ಕೇಳುವರು, ನಾನು ನೆಲ ನೋಡುತ್ತ ಉತ್ತರಿಸುವೆ. ನೋವು ಐತೇನ್ರಿ ಎಂದರು. ಇಲ್ಲ ಎಂದೆ. ಊಟ ಸೇರ್ತದೇನ್ರಿ ಎಂದರು. ಹೂಂ ಎಂದೆ. ಆಮೇಲೆ ಡಾಕ್ಟರು ಏನೋ ಉದ್ದ ಪ್ರಶ್ನೆ ಕೇಳಿದರು. ನಿಮ್ಮ ಪಪ್ಪ ಸುಮ್ಮನಾದರು. ಅವರ ಕಿವಿ ಕೆಂಪಾದದ್ದು ನನಗೆ ಓರೆಗಣ್ಣಿಗೆ ಕಂಡಿತು. ಕಡೆಗೆ, "ಮತ್ತ, ಉಳಿದದ್ದೆಲ್ಲ ಸರಿ ಐತೇನ್ರಿ?" ಎಂದರು.

"ಎಲ್ಲಾ ಸರಿ ಐತ್ರಿ," ಎಂದೆ.

ಡಾಕ್ಟರು ಮಂಚ ತೋರಿಸಿ ಮಲಗಲು ಹೇಳಿದಾಗ ನಾನು ಸೆರಗನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಅಲ್ಲಾಡಲಿಲ್ಲ. ಅವರು ಒತ್ತಾಯ ಮಾಡಲಿಲ್ಲ. ಗ್ಯಾಸಿನ ಗುಳಿಗೆ ಬರೆದುಕೊಟ್ಟರು, ಕಡಿಮೆಯಾಗದಿದ್ದರೆ ಬನ್ನಿ ಎಂದರು. ಅದರಲ್ಲಿ ಆ ಡಾಕ್ಟರ ತಪ್ಪಿಲ್ಲ. ಎಲ್ಲಾ ಸರಿ ಐತಿ ಎಂದು ಹೇಳಿದವಳು ನಾನು. ನಾಲ್ಕು ತಿಂಗಳು ಆ ಗುಳಿಗೆ ನುಂಗಿದೆ.

ನಮ್ಮ ಕಟ್ಟಡದ ಮೂರನೆಯ ಮಹಡಿಯ ಮೈಮೂನಾ ಆಂಟಿ ನಿಮಗೆ ಗೊತ್ತು, ಬಂಟ್ವಾಳದ ಕಡೆಯವಳು, ಮನೆಯಲ್ಲೇ ಹೊಲಿಯುವವಳು. ಅವಳ ಕನ್ನಡ ಬೇರೆ, ನನ್ನ ಕನ್ನಡ ಬೇರೆ. ಮೊದಮೊದಲು ಅವಳು ಕೈಯಲ್ಲಿ ಕತ್ತರಿ ಆಡಿಸಿ ತೋರಿಸಿದರೆ ನಾನು ತಲೆ ಆಡಿಸುತ್ತಿದ್ದೆ. ಅವಳ ಹತ್ತಿರ ಒಂದು ದಪ್ಪ ಅಳತೆ ಪುಸ್ತಕವಿದೆ, ಒಬ್ಬೊಬ್ಬರಿಗೆ ಒಂದೊಂದು ಹಾಳೆ. ಲಾಡಿಗೆ ಜೋಡಿಸಲು ತುಂಡು ಮುಗಿದಿದ್ದರಿಂದ ಎರಡು ಹೊಸ ಲಂಗ, ಒಂದು ಕುಪ್ಪಸ ಹೊಲಿಸಬೇಕೆಂದು ಅವಳಲ್ಲಿಗೆ ಹೋದೆ. ಹಳೆಯ ಅಳತೆಗೇ ಹೊಲಿ, ಲಂಗ ಸ್ವಲ್ಪ ಸಡಿಲ ಇರಲಿ ಎಂದೆ. ಅವಳು ಕೇಳದೆ ಟೇಪು ಹಿಡಿದಳು. ತೋಳಿಗೆ ಸುತ್ತಿದಳು, ಸೊಂಟಕ್ಕೆ ಸುತ್ತಿದಳು, ಪುಸ್ತಕದಲ್ಲಿ ನನ್ನ ಹಾಳೆ ತೆಗೆದಳು. ಮತ್ತೊಮ್ಮೆ ಅಳೆದಳು.

"ಎಂತ ಅಮ್ಮಾ ಇದು? ಕೈ ಒಂದೂವರೆ ಇಂಚು ಸಣ್ಣ ಆಗಿದೆ. ಸೊಂಟ ಏಳು ಇಂಚು ದೊಡ್ಡ. ದಪ್ಪ ಆಗುವವರು ಎಲ್ಲಾ ಕಡೆ ಆಗ್ತಾರೆ. ನಾನು ಇಪ್ಪತ್ತು ವರ್ಷದಿಂದ ಹೆಂಗಸರನ್ನು ಅಳೆಯುವವಳು, ಹೀಗೆ ಯಾರೂ ಆಗಿಲ್ಲ."

ಅವಳು ಸೀರೆಯ ಮೇಲಿಂದಲೇ ಎಡಗಡೆ ಅಂಗೈ ಇಟ್ಟು ಮೆಲ್ಲಗೆ ಒತ್ತಿದಳು. ಅಲ್ಲಿ ಗಟ್ಟಿಯಾಗಿತ್ತು, ಹಿಟ್ಟಿನ ಮುದ್ದೆ ತಣ್ಣಗಾದ ಮೇಲೆ ಆಗುತ್ತದಲ್ಲ, ಹಾಗೆ. ಅವಳ ಕೈ ಅಲ್ಲೇ ನಿಂತಿತು. ಆ ಕೈ ಬೆಚ್ಚಗಿತ್ತು. ಯಾಕೋ ಏನೋ, ಆ ಹೊಲಿಗೆ ಮಷೀನಿನ ಪಕ್ಕದ ಸ್ಟೂಲಿನ ಮೇಲೆ ಕೂತು ಎಲ್ಲವನ್ನೂ ಹೇಳಿಬಿಟ್ಟೆ. ಭಾರ, ಬಾತ್‌ರೂಮು, ಬಿಟ್ಟ ರೊಟ್ಟಿ, ಲಾಡಿ.

"ಇದನ್ನು ಡಾಕ್ಟರಿಗೆ ಹೇಳಿದ್ರಾ?"

"ಅಳಿಯಂದ್ರು ಇದ್ರವ್ವ."

ಅವಳು ಟೇಪನ್ನು ಕೊರಳಿಂದ ತೆಗೆದು ಮಡಚಿಟ್ಟಳು. "ನಮ್ಮಲ್ಲಿಯೂ ಅತ್ತೆ ಅಳಿಯನ ಎದುರು ನಾಚುದುಂಟು ಅಮ್ಮಾ. ಆದ್ರೆ ಹೊಟ್ಟೆಯೊಳಗೆ ಕೂತದ್ದಕ್ಕೆ ನಿಮ್ಮ ಅಳಿಯ ಯಾರು ಅಂತ ಗೊತ್ತುಂಟಾ?"

ನನ್ನ ಮಗಳು ಸುಜಾತಾಗೆ ಹೇಳಬೇಡ ಎಂದು ಕೈ ಮುಗಿದೆ. ಅವಳು ಆ ಪುಸ್ತಕ ಹಿಡಿದುಕೊಂಡೇ ನನ್ನ ಜೊತೆ ಕೆಳಗಿಳಿದು ಬಂದು, ನನ್ನ ಹಾಳೆ ತೆಗೆದು ನಿಮ್ಮ ಮಮ್ಮಿಯ ಕೈಗೆ ಕೊಟ್ಟಳು. ನಿಮ್ಮ ಮಮ್ಮಿ ಎರಡು ಅಳತೆಗಳನ್ನೂ ನೋಡಿದಳು, ನನ್ನನ್ನು ನೋಡಿದಳು, ಬೈಯಲಿಲ್ಲ. ಬೈದಿದ್ದರೆ ಹಗುರಾಗುತ್ತಿತ್ತು.

ಅಲ್ಲಿಂದ ಕಾಯುವುದು ಶುರುವಾಯಿತು. ಆಸ್ಪತ್ರೆಯಲ್ಲಿ ಕಾಯಿಲೆಗಿಂತ ಕಾಯುವುದೇ ಹೆಚ್ಚು. ಚೀಟಿ ತೆಗೆದುಕೊಂಡು ಕಾಯುವುದು, ಗುರುತಿನ ಸಿಪಿಆರ್ ಕಾರ್ಡ್ ಕೊಟ್ಟು ಕಾಯುವುದು, ಔಷಧಿ ಕಲಸಿದ ನೀರನ್ನು ದೊಡ್ಡ ಬಾಟಲಿಗಟ್ಟಲೆ ಕುಡಿದು ಸ್ಕ್ಯಾನಿಗೆ ಕಾಯುವುದು. ಹೊರಗೆ ಕಾರಿನ ಹಿಡಿಕೆ ಮುಟ್ಟಲಾಗದ ಬಿಸಿಲು, ಒಳಗೆ ಹಲ್ಲು ಕಟಕಟಿಸುವ ಚಳಿ. ನಾನು ಕಾಲನ್ನು ಸೀರೆಯೊಳಗೆ ಎಳೆದುಕೊಂಡು ಕೂರುತ್ತಿದ್ದೆ. ಗೋಡೆಯ ಟಿವಿಯಲ್ಲಿ ಯಾರೋ ಅಡುಗೆ ಮಾಡುತ್ತಿದ್ದರು, ಧ್ವನಿ ಇರಲಿಲ್ಲ. ನಿಮ್ಮ ಮಮ್ಮಿ ನನ್ನ ಪಕ್ಕ ಕೂತು ಫೋನಿನಲ್ಲಿ ಮೆಲ್ಲಗೆ, ಇನ್ನೊಂದು ತಾಸು ಸರ್, ಇನ್ನೊಂದು ತಾಸು ಎಂದು ಹೇಳುತ್ತಲೇ ಇದ್ದಳು. ಬೆನ್ನ ಕಡೆಯಿಂದ ಸೂಜಿ ಹಾಕಿ ಚೂರು ತೆಗೆದರು. ಅದರ ರಿಪೋರ್ಟಿಗೆ ಮತ್ತೆ ಹತ್ತು ದಿನ.

ರಿಪೋರ್ಟಿನ ದಿನ ನನ್ನನ್ನು ಕರೆದುಕೊಂಡು ಹೋಗಲಿಲ್ಲ. ನಿಮ್ಮ ಮಮ್ಮಿ ಪಪ್ಪ ಇಬ್ಬರೇ ಹೋಗಿಬಂದರು. "ಸಣ್ಣ ಗಡ್ಡಿ ಅಂತ ಅವ್ವಾ. ತೆಗದ್ರ ಆತು," ಎಂದಳು ನಿಮ್ಮ ಮಮ್ಮಿ. ಹೇಳುವಾಗ ಫ್ರಿಜ್ಜಿನ ಬಾಗಿಲು ತೆರೆದು ಅದರೊಳಗೆ ಮುಖ ಮಾಡಿದ್ದಳು.

ಅವಳ ಮಾತನ್ನು ನಾನು ನಂಬಲಿಲ್ಲ. ಮನೆಯಲ್ಲಿ ಎಲ್ಲರೂ ಒಳ್ಳೆಯವರಾಗಿಬಿಟ್ಟಿದ್ದರು. ನಿಮ್ಮ ಪಪ್ಪ ಕಾರನ್ನು ಬಾಗಿಲ ಹತ್ತಿರವೇ ತಂದು ನಿಲ್ಲಿಸುವರು. ಸಮರ್ಥ ಕಾರ್ಟೂನ್ ಹಾಕಿಕೊಂಡು ಗಂಟೆಗಟ್ಟಲೆ ಕೂತರೂ ಯಾರೂ ಬೈಯುವವರಿಲ್ಲ. ಸೃಷ್ಟಿ, ನೀನು ನಿನ್ನ ಮೆತ್ತನೆಯ ದಿಂಬನ್ನು ನನ್ನ ಹಾಸಿಗೆಗೆ ತಂದಿಟ್ಟೆ, ಮಮ್ಮಿ ಹೇಳಿದಳೆಂದೆ. ಸಣ್ಣ ಗಡ್ಡೆಗೆ ಇಷ್ಟೆಲ್ಲ ಯಾರೂ ಮಾಡುವುದಿಲ್ಲ. ನನಗೆ ಹೆದರಿಕೆಗಿಂತ ದಣಿವು ಜಾಸ್ತಿಯಿತ್ತು. ಕೇಳಲೂ ಸಾಕಾಗಿತ್ತು.

ಆಪರೇಷನ್ನಿನ ಹಿಂದಿನ ದಿನ ಭರ್ತಿ ಮಾಡಿಕೊಂಡರು. ಒಂದು ಕೋಣೆಯಲ್ಲಿ ಇಬ್ಬರು, ನಡುವೆ ಪರದೆ. ಪಕ್ಕದ ಮಂಚದಲ್ಲಿ ಇಲ್ಲಿಯವಳೇ ಒಬ್ಬ ಮುದುಕಿ, ಅವಳನ್ನು ಎಲ್ಲರೂ ಉಮ್ ಜಾಸಿಂ ಎನ್ನುತ್ತಿದ್ದರು, ಜಾಸಿಮನ ತಾಯಿ ಎಂದು. ಅವಳ ಮಾತು ನನಗೆ ಬಾರದು, ನನ್ನದು ಅವಳಿಗೆ ಬಾರದು. ಬಂದ ಕೂಡಲೇ ಒಂದು ಡಬ್ಬಿಯಿಂದ ಖರ್ಜೂರ ಚಾಚಿದಳು.

ಕೇರಳದ ನರ್ಸೊಬ್ಬಳು ನನ್ನ ಸೀರೆ ಬಿಚ್ಚಿಸಿ ಆಸ್ಪತ್ರೆಯ ಅಂಗಿ ತೊಡಿಸಿದಳು. ಹಿಂದೆ ಪೂರ್ತಿ ತೆರೆದ ಅಂಗಿ, ಎರಡು ಕಡೆ ದಾರ. ಸೀರೆಯಿಲ್ಲದೆ ನಾನು ಹಗಲು ಹೊತ್ತು ಯಾವತ್ತೂ ಇದ್ದವಳಲ್ಲ. ಹೊದಿಕೆಯನ್ನು ಕುತ್ತಿಗೆಯವರೆಗೆ ಎಳೆದುಕೊಂಡು ಮಲಗಿದೆ. ಅವಳು ಹಿಂದಿಯಲ್ಲಿ ಒಂದು ಪಟ್ಟಿ ಓದಿ ಕೇಳುತ್ತ ಹೋದಳು, ಸಕ್ಕರೆ ಕಾಯಿಲೆ ಇದೆಯಾ, ಉಸಿರು ಕಟ್ಟುತ್ತದಾ, ಕಾಲು ನೋವು ಇದೆಯಾ. ಎಲ್ಲದಕ್ಕೂ ನಹೀಂ ಎಂದೆ. ಆಮೇಲೆ ಸರ್ಜನ್ ಬಂದರು, ಎತ್ತರದ, ಬಿಳಿ ಗಡ್ಡದ ಬಹರೈನಿ. ಅವರ ಕೈಯಲ್ಲಿ ಸಹಿಯ ಕಾಗದ. ಒಂದು ಕಡೆ ಅರಬ್ಬಿ, ಒಂದು ಕಡೆ ಇಂಗ್ಲಿಷು. ನರ್ಸು ಪೆನ್ನು ನನ್ನ ಬೆರಳಿಗೆ ಸಿಕ್ಕಿಸಿ ಗೆರೆ ತೋರಿಸಿದಳು.

ಆಗ ನನಗೆ ನಿಮ್ಮ ಅಜ್ಜ ನೆನಪಾದರು. ಅವರು ಮನಿಆರ್ಡರ್ ಕೊಡುವಾಗ, ರಿಜಿಸ್ಟರ್ ಪತ್ರ ಕೊಡುವಾಗ, ಕಾಗದದಲ್ಲಿ ಏನಿದೆ ಎಂದು ಓದಿ ಹೇಳದೆ ಯಾರ ಹೆಬ್ಬೆಟ್ಟನ್ನೂ ಒತ್ತಿಸುತ್ತಿರಲಿಲ್ಲ. ಬಿಸಿಲಲ್ಲಿ ನಿಂತು ಓದುವರು. ತಡವಾದರೂ ಓದುವರು. ನಾನು ಪೆನ್ನನ್ನು ಹಾಸಿಗೆಯ ಮೇಲಿಟ್ಟೆ. ನನಗೆ ಬರುವ ಮುರುಕು ಹಿಂದಿಯಲ್ಲಿ, ಮೊದಲು ಹೇಳಿ, ಆಮೇಲೆ ಸಹಿ ಎಂದೆ. ನನ್ನ ಧ್ವನಿ ನನಗೇ ಹೊಸದಾಗಿ ಕೇಳಿಸಿತು.

ನಿಮ್ಮ ಮಮ್ಮಿ ನಿಮ್ಮಿಬ್ಬರನ್ನು ಶಾಲೆಯಿಂದ ಕರೆತರಲು ಹೋಗಿದ್ದಳು. ಹೊರಗೆ ವರಾಂಡದಲ್ಲಿ ಇದ್ದವರು ನಿಮ್ಮ ಪಪ್ಪ ಒಬ್ಬರೇ. ನರ್ಸು ಹೋಗಿ ಅವರನ್ನೇ ಕರೆದಳು. ಅವರು ಬಾಗಿಲಿಗೆ ಬಂದು ನಿಂತರು. ನನ್ನ ತಲೆಯ ಮೇಲೆ ಏನೂ ಇರಲಿಲ್ಲ. ಹೊದಿಕೆ ಎಳೆದರೆ ಕಾಲು ಕಾಣುತ್ತದೆ, ಬಿಟ್ಟರೆ ತಲೆ. ಎರಡನ್ನೂ ಮುಚ್ಚಲಾಗಲಿಲ್ಲ. ಅವರು ಹೊರಗೆ ತಿರುಗಿಕೊಂಡು ನಿಂತುಬಿಟ್ಟರು.

ಪರದೆಯ ಸಂದಿನಿಂದ ಉಮ್ ಜಾಸಿಂ ಇದನ್ನೆಲ್ಲ ನೋಡುತ್ತಿದ್ದಳು. ಅವಳೇ ಮಂಚದಿಂದ ಇಳಿದಳು, ಸಲೈನಿನ ಕಂಬವನ್ನು ತಳ್ಳಿಕೊಂಡು ಬಂದಳು. ನಮಾಜಿಗೆ ಹೊದೆಯುವ ಅವಳ ಬಟ್ಟೆ, ಬಿಳಿಯ ಮೇಲೆ ಸಣ್ಣ ನೀಲಿ ಹೂವಿನದು, ಅದನ್ನು ತಂದು ನನ್ನ ತಲೆಗೆ ಹೊದೆಸಿ ಗಲ್ಲದ ಕೆಳಗೆ ಸುತ್ತಿ ಎದೆಯ ಮೇಲೆ ಹರಡಿದಳು. ಹಣೆಯ ಮೇಲೆ ಬಂದ ನನ್ನ ಕೂದಲನ್ನು ಬೆರಳಿನಿಂದ ಒಳಗೆ ಸರಿಸಿ ತನ್ನ ಮಂಚಕ್ಕೆ ಹೋಗಿ ಮಲಗಿದಳು.

ನಿಮ್ಮ ಪಪ್ಪ ಒಳಗೆ ಬಂದರು. ಪರದೆಗೆ ಮುಖ ಮಾಡಿ, ನನಗೆ ಬೆನ್ನು ಮಾಡಿ ನಿಂತರು.

"ಅತ್ತಿಯವರ, ಗಡ್ಡಿ ಸಣ್ಣದಲ್ರಿ. ನಾವು ಸುಳ್ಳ ಹೇಳಿದ್ವಿ."

ನಾನು ಹೂಂ ಎಂದೆ.

"ಹೊಟ್ಟಿ ಹಿಂದ, ಬೆನ್ನಿನ ಕಡೆ ಬೆಳದೈತಿ. ಕೊಬ್ಬಿನಾಗ ಹುಟ್ಟೋ ಕ್ಯಾನ್ಸರ್ ಅಂತ. ಭಾಳ ಮಂದಿಗೆ ಬರೂದಿಲ್ಲಂತ ಇದು. ಈ ಡಾಕ್ಟರ್ ಸಹಿತ ಕೆಲವೇ ನೋಡ್ಯಾರ. ಎಡಗಡೆ ಮೂತ್ರಪಿಂಡಕ್ಕ ಸುತ್ತಕೊಂಡೈತಿ, ಅದೂ ತೆಗೀಬೇಕು. ಕರಳೂ ಒಂದಿಷ್ಟು ಹೋಗಬಹುದು. ತೆಗದ್ರೂ ಮುಂದ ತಿರಗಿ ಬರಬಹುದು." ಪರದೆಯ ಅಂಚನ್ನು ಬೆರಳಲ್ಲಿ ಮಡಚುತ್ತಿದ್ದರು. "ತೆಗೀಲಿಲ್ಲಂದ್ರ ಮಾತ್ರ ಭಾಳ ದಿನ ಇಲ್ರಿ."

ಮನೆಯಲ್ಲಿ ಯಾರೂ ಹೇಳದ ಮಾತನ್ನು ಅವರು ಹೇಳಿದರು. ನಾನು ಅಳುತ್ತೇನೆಂದು ನರ್ಸು ಟಿಶ್ಯೂ ಹಿಡಿದುಕೊಂಡು ನಿಂತಿದ್ದಳು. ನನಗೆ ಅಳು ಬರಲಿಲ್ಲ. ಎಷ್ಟೋ ದಿನದಿಂದ ಕತ್ತಲೆಯಲ್ಲಿ ತಡವರಿಸುತ್ತಿದ್ದಾಗ ಕೈಗೆ ಗೋಡೆ ಸಿಕ್ಕ ಹಾಗಾಯಿತು. ಗೋಡೆಯೇ, ಬಾಗಿಲಲ್ಲ. ಆದರೂ ಸಿಕ್ಕಿತು.

ಆ ಬೆನ್ನು ಎಷ್ಟು ದಣಿದಿತ್ತೆಂದು ಆಗ ನೋಡಿದೆ. ವರ್ಕ್‌ಶಾಪಿನಿಂದ ನೇರ ಬಂದಿದ್ದರು, ಅಂಗಿ ಬೆವರಿಗೆ ಒಣಗಿ ಉಪ್ಪಿನ ಗೆರೆ ಮೂಡಿತ್ತು. ಈ ಮನುಷ್ಯ ನನ್ನ ಹತ್ತಿರ ಸುಳ್ಳು ಹೇಳದೆ ನಿಂತಿದ್ದಾರೆ, ನಾನು ಮಾತ್ರ ಇವರ ಮುಂದೆ ಎಲ್ಲಾ ಸರಿ ಐತಿ ಎಂದು ಹೇಳಿಕೊಂಡು ಬಂದೆನಲ್ಲ ಅನ್ನಿಸಿತು.

"ಡಾಕ್ಟರಿಗೆ ಒಂದು ಮಾತು ಹೇಳ್ರಿ," ಎಂದೆ. "ನಾ ಆಗ ನರ್ಸಿಗೆ ಇಲ್ಲ ಅಂದೆ. ನನ್ನ ಎಡಗಾಲ ಮೀನಖಂಡ ಹದಿನೈದು ದಿನದಿಂದ ಬಾತೈತಿ. ಊರಿದ್ರ ನೋಯ್ತೈತಿ. ಹೊದಿಕಿ ಸರಿಸಿ ತೋರಸಬೇಕಾಗ್ತದ ಅಂತ ಹೇಳಲಿಲ್ಲ."

ನಿಮ್ಮ ಪಪ್ಪ ಅದನ್ನು ಇಂಗ್ಲಿಷಿನಲ್ಲಿ ಹೇಳಿದರು. ಈ ಸಲ ನಡುವೆ ಸುಮ್ಮನಾಗಲಿಲ್ಲ, ಕಿವಿ ಕೆಂಪಾದದ್ದು ಕಂಡಿತಾದರೂ ಪೂರ್ತಿ ಹೇಳಿದರು. ಸರ್ಜನ್ ಕಾಗದವನ್ನು ಪಕ್ಕಕ್ಕಿಟ್ಟು ನನ್ನ ಕಾಲಿನ ಕಡೆ ಬಂದು, ನನ್ನ ಮುಖ ನೋಡಿ ಅನುಮತಿ ಕೇಳುವ ಹಾಗೆ ತಲೆ ಬಾಗಿಸಿದರು. ನಾನು ಕಣ್ಣು ಮುಚ್ಚಿ ಹೂಂ ಎಂದೆ. ನಿಮ್ಮ ಪಪ್ಪ ಪರದೆಯ ಆಚೆ ಹೋದರು. ಸರ್ಜನ್ ಎರಡೂ ಕಾಲು ಮುಟ್ಟಿ ನೋಡಿದರು. ಆಮೇಲೆ ಅವರು ಬೇಗಬೇಗ ಮಾತಾಡಿದ್ದು, ಇಬ್ಬರು ಬಂದು ಮಂಚವನ್ನೇ ತಳ್ಳಿಕೊಂಡು ಹೋದದ್ದು, ಕಾಲಿಗೆ ತಣ್ಣನೆಯ ಅಂಟು ಸವರಿ ಮಷೀನು ಆಡಿಸಿದ್ದು, ಇವೆಲ್ಲ ಅರ್ಧ ತಾಸಿನಲ್ಲಿ ನಡೆದವು.

ಕಾಲಿನ ನರದಲ್ಲಿ ರಕ್ತ ಹೆಪ್ಪುಗಟ್ಟಿತ್ತು. ಮರುದಿನ ಹಾಗೆಯೇ ಮಲಗಿಸಿ ಕೊಯ್ದಿದ್ದರೆ ಆ ಹೆಪ್ಪು ಮೇಲೇರಿ ಶ್ವಾಸಕೋಶಕ್ಕೆ ಸಿಕ್ಕಬಹುದಿತ್ತಂತೆ, ಟೇಬಲ್ಲಿನ ಮೇಲೆಯೇ ನಾನು ಹೋಗಬಹುದಿತ್ತಂತೆ. ಆಪರೇಷನ್ ಕೆಲವು ವಾರ ಮುಂದೆ ಹಾಕಿದರು. ಅಷ್ಟು ದಿನ ಬೆಳಿಗ್ಗೆ ಸಂಜೆ ರಕ್ತ ತೆಳ್ಳಗಾಗುವ ಇಂಜೆಕ್ಷನ್ ಕೊಡಬೇಕು, ಮನೆಯಲ್ಲೇ.

ನಿಮ್ಮ ಮಮ್ಮಿಗೆ ಸೂಜಿ ಕಂಡರೆ ಕಣ್ಣು ಕತ್ತಲೆ. ನಿಮ್ಮ ಪಪ್ಪ ಕೊಡುವ ಮಾತೇ ಇಲ್ಲ, ಅಷ್ಟರಮಟ್ಟಿಗೆ ನಾವು ಬದಲಾಗಿರಲಿಲ್ಲ. ಮೈಮೂನಾ ಬಂದು ಆಸ್ಪತ್ರೆಯ ನರ್ಸಿನ ಹತ್ತಿರ ಕಲಿತುಕೊಂಡಳು. "ಸೂಜಿಗೆ ನಾನು ಹೆದರುದಾ ಅಮ್ಮಾ? ದಿನಕ್ಕೆ ನೂರು ಸಲ ಚುಚ್ಚಿಸಿಕೊಳ್ತೇನೆ," ಎಂದಳು. ದಿನಕ್ಕೆ ಎರಡು ಸಲ ಕೆಳಗೆ ಬರುವಳು, ತೊಡೆಯಲ್ಲಿ ಚರ್ಮ ಮಡಚಿ ಹಿಡಿಯುವಳು, ಬಿಸ್ಮಿಲ್ಲಾ ಎಂದು ಚುಚ್ಚುವಳು. ಚುಚ್ಚುವಾಗ ಯಾವಳೋ ಗಿರಾಕಿ ಮದುವೆ ನಾಳೆ ಎನ್ನುವಾಗ ಇವತ್ತು ಕುಪ್ಪಸದ ತೋಳು ಬಿಚ್ಚಿಸಿದ್ದನ್ನು ಹೇಳಿ ನನ್ನನ್ನು ನಗಿಸುತ್ತಿದ್ದಳು. ಆ ದಿನಗಳಲ್ಲಿ ನಕ್ಕದ್ದು ಆ ಹತ್ತು ನಿಮಿಷ ಮಾತ್ರ. ಉಳಿದ ಹೊತ್ತು ಗೋಡೆಗೆ ಒರಗಿ ಕೂತಿರುತ್ತಿದ್ದೆ. ಗಡ್ಡೆ ಒಳಗೆ ಇನ್ನೂ ಇದೆ, ಬೆಳೆಯುತ್ತಲೂ ಇದೆ, ಅದಕ್ಕೆ ರಜೆ ಇಲ್ಲ ಎಂದು ಗೊತ್ತಿತ್ತು.

ಎರಡನೆಯ ಸಲ ಭರ್ತಿಯಾದಾಗ ಸಹಿಯ ಕಾಗದವನ್ನು ನಿಮ್ಮ ಪಪ್ಪ ಸಾಲುಸಾಲಾಗಿ ಕನ್ನಡದಲ್ಲಿ ಹೇಳಿದರು, ಬೆನ್ನು ಮಾಡಿ ನಿಂತೇ. ನಾನು ಕನ್ನಡದಲ್ಲಿ ಸಹಿ ಮಾಡಿದೆ.

ಆಪರೇಷನ್ ಬೆಳಿಗ್ಗೆ ಶುರುವಾದದ್ದು ಸಂಜೆಯವರೆಗೆ ನಡೆಯಿತಂತೆ. ನನಗೆ ಗೊತ್ತಿರುವುದು ಎಚ್ಚರವಾದ ಮೇಲಿನದು, ಅದೂ ಚೂರುಚೂರು. ಬಾಯಿ ಒಣಗಿ ನಾಲಿಗೆ ಅಂಗುಳಿಗೆ ಅಂಟಿತ್ತು. ಮೂಗಿನಲ್ಲಿ ನಳಿಕೆ, ಹೊಟ್ಟೆಯ ಪಕ್ಕದಲ್ಲಿ ನಳಿಕೆ. ಮೂರು ದಿನ ನೀರು ಕೊಡಲಿಲ್ಲ, ಒದ್ದೆ ಹತ್ತಿಯಿಂದ ತುಟಿ ಒರೆಸುವರು. ಆ ಹತ್ತಿಯನ್ನು ಹಲ್ಲಿನಲ್ಲಿ ಕಚ್ಚಿ ಹಿಡಿಯುತ್ತಿದ್ದೆ, ಮಗುವಿನ ಹಾಗೆ. ಕೆಮ್ಮು ಬಂದರೆ ಹೊಲಿಗೆ ಬಿರಿಯುವ ಹೆದರಿಕೆ. ಆ ಕೇರಳದ ನರ್ಸು ದಿಂಬೊಂದನ್ನು ಹೊಟ್ಟೆಗೆ ಒತ್ತಿ ಹಿಡಿದು ಕೆಮ್ಮುವುದನ್ನು ಕಲಿಸಿದಳು. ಸೃಷ್ಟಿ, ನಿನ್ನ ದಿಂಬು ತರಿಸಿದ್ದು ಅದಕ್ಕೇ. ಅದರ ಮೇಲಿನ ಕಲೆ ಎಷ್ಟು ಒಗೆದರೂ ಹೋಗಲಿಲ್ಲ, ಅದಕ್ಕೆ ಹಿಂದಕ್ಕೆ ಕೊಡಲಿಲ್ಲ.

ಗಡ್ಡೆ ಐದು ಕಿಲೋ ದಾಟಿತ್ತಂತೆ. ಸಮರ್ಥ, ನೀನು ಹುಟ್ಟಿದಾಗ ಮೂರು ಕಿಲೋ ಇದ್ದೆ. ನಿನ್ನ ಪ್ರಶ್ನೆಗೆ ಉತ್ತರ ಇದು. ಪಾಪು ಇರಲಿಲ್ಲ. ನಿನಗಿಂತ ಭಾರದ ಒಂದು ಗಡ್ಡೆ ಇತ್ತು, ಅದನ್ನು ನಾನು ಲಾಡಿ ಉದ್ದ ಮಾಡಿಕೊಂಡು ಹೊತ್ತು ತಿರುಗಿದೆ.

ಮನೆಗೆ ಬಂದ ಮೇಲೆ ಎಲ್ಲರೂ ಈಗ ಆರಾಮಾದಿರಲ್ಲ ಎನ್ನುತ್ತಿದ್ದರು. ಆರಾಮಾಗಲು ಎಷ್ಟು ತಿಂಗಳು ಹಿಡಿಯಿತೆಂದು ಅವರಿಗೆ ಗೊತ್ತಿಲ್ಲ. ಸೋಫಾದಿಂದ ಏಳಲು ನಾಲ್ಕು ಸಲ ಯೋಚಿಸಬೇಕು. ಅನ್ನದ ವಾಸನೆಗೆ ವಾಕರಿಕೆ. ಸ್ನಾನ ಮಾಡಿಸುವಾಗ ನಿಮ್ಮ ಮಮ್ಮಿ ನನ್ನ ಹೊಟ್ಟೆಯ ಕಡೆ ನೋಡದೆ ನೀರು ಹಾಕುತ್ತಿದ್ದಳು. ಒಂದು ದಿನ ಅವಳ ಕೈ ಹಿಡಿದು ಆ ಗೆರೆಯ ಮೇಲೆ ಇಟ್ಟೆ. ಆಗ ಅವಳು ಅತ್ತಳು. ಬೈದಳು ಕೂಡ, ನಾಲ್ಕು ತಿಂಗಳ ಗುಳಿಗೆಗೆಲ್ಲ ಸೇರಿಸಿ. ಬೈಸಿಕೊಂಡ ಮೇಲೆ ಇಬ್ಬರಿಗೂ ಹಗುರಾಯಿತು.

ಉಮ್ ಜಾಸಿಂ ಎರಡನೆಯ ಸಲ ಹೋದಾಗ ಅಲ್ಲಿರಲಿಲ್ಲ. ಮನೆಗೆ ಹೋದಳೋ, ಏನಾದಳೋ ಯಾರೂ ಹೇಳಲಿಲ್ಲ. ಆ ನೀಲಿ ಹೂವಿನ ಬಟ್ಟೆ ನನ್ನ ಹತ್ತಿರವೇ ಉಳಿಯಿತು. ಒಗೆದು ಮಡಚಿ ಕಪಾಟಿನಲ್ಲಿಟ್ಟಿದ್ದೇನೆ. ಸ್ಕ್ಯಾನಿಗೆ ಹೋಗುವಾಗ ಅದನ್ನೇ ಹೊದ್ದು ಹೋಗುತ್ತೇನೆ.

ಈಗ ಕೆಲವು ತಿಂಗಳಿಗೊಮ್ಮೆ ಸ್ಕ್ಯಾನ್ ಇರುತ್ತದೆ. ಕರೆದುಕೊಂಡು ಹೋಗುವುದು ನಿಮ್ಮ ಪಪ್ಪ. ನನ್ನ ತಲೆಯ ಮೇಲೆ ಈಗಲೂ ಸೆರಗಿರುತ್ತದೆ, ಅವರು ಈಗಲೂ ಗೋಡೆ ನೋಡುತ್ತಲೇ ಕೇಳುತ್ತಾರೆ, ಕಾಲು ಹ್ಯಾಂಗ ಐತ್ರಿ, ಬಾತ್‌ರೂಮ್ ಎಷ್ಟು ಸಲ ಆತ್ರಿ. ನಾನೂ ನೆಲ ನೋಡುತ್ತಲೇ ಹೇಳುತ್ತೇನೆ. ಇದ್ದದ್ದನ್ನು ಇದ್ದ ಹಾಗೆ ಹೇಳುತ್ತೇನೆ. ಹೋದ ಸಲದ ಸ್ಕ್ಯಾನಿನಲ್ಲಿ ಹಳೆಯ ಜಾಗದ ಹತ್ತಿರ ಕಡಲೆಕಾಳಿನಷ್ಟು ಏನೋ ಕಂಡಿದೆಯಂತೆ. ಗಾಯದ ಗುರುತೂ ಇರಬಹುದು, ಅದೂ ಇರಬಹುದು. ಮುಂದಿನ ಭಾನುವಾರ ಮತ್ತೆ ನೋಡುತ್ತಾರೆ. ಈ ಸಲ ಅದನ್ನು ನನ್ನಿಂದ ಮುಚ್ಚಿಡಲಿಲ್ಲ. ಕಾರು ಹತ್ತುವ ಮೊದಲೇ, ಪಾರ್ಕಿಂಗಿನಲ್ಲಿ ನಿಂತು ನಿಮ್ಮ ಪಪ್ಪ ಹೇಳಿದರು. ನನಗೆ ಹೆದರಿಕೆಯಾಯಿತು. ಹೆದರಿಕೆ ಆಗೈತ್ರಿ ಎಂದೆ. ನನಗೂರಿ ಅತ್ತಿಯವರ ಎಂದರು. ಆಮೇಲೆ ಕಾರು ಹತ್ತಿ ಮನೆಗೆ ಬಂದೆವು, ದಾರಿಯಲ್ಲಿ ಕೊತ್ತಂಬರಿ ಕೊಂಡೆವು.

ಅದಕ್ಕೇ ಭಾನುವಾರಕ್ಕೆ ಮುಂಚೆ ಇದನ್ನು ಬರೆದು ಮುಗಿಸಬೇಕೆಂದು ಕೂತೆ. ಮಕ್ಕಳೇ, ನಿಮಗೆ ಎಲ್ಲಿ ನೋಯುತ್ತದೆ ಎಂದು ಯಾರಾದರೂ ಕೇಳಿದರೆ, ಪಕ್ಕದಲ್ಲಿ ಯಾರು ನಿಂತಿದ್ದರೂ ಸರಿ, ಹೇಳಿ. ನಾಚಿಕೆಯಾದರೆ ಗೋಡೆಯ ಕಡೆ ಮುಖ ಮಾಡಿ ಹೇಳಿ.

ಈ ಹಾಳೆಗಳನ್ನು ಜೋಪಾನ ಮಾಡಿ. ಸಮರ್ಥ, ಇವುಗಳಿಂದ ವಿಮಾನ ಮಾಡಬೇಡ, ನಿನಗೆ ಬೇರೆ ಪುಸ್ತಕ ಕೊಡಿಸುತ್ತೇನೆ. ಸೃಷ್ಟಿ, ಪಾಸ್‌ಪೋರ್ಟ್ ಇಡುವ ನೀಲಿ ಫೈಲಿನಲ್ಲಿ ಇಡು, ಮನೆ ಬದಲಿಸುವಾಗ ಅದೊಂದನ್ನು ನಿಮ್ಮ ಮಮ್ಮಿ ಮರೆಯುವುದಿಲ್ಲ. ಕೊನೆಯಲ್ಲಿ ಮೈಮೂನಾಳ ಅಳತೆ ಪುಸ್ತಕದ ಹಾಳೆಯೂ ಇದೆ. ಅವಳೇ ಹರಿದು ಕೊಟ್ಟಳು. ಅದರಲ್ಲಿ ಮೂರು ಅಳತೆಗಳಿವೆ, ಮೊದಲನೆಯದು ಹಳೆಯದು, ಎರಡನೆಯದು ಗಡ್ಡೆ ಇದ್ದಾಗಿನದು, ಮೂರನೆಯದು ಹೋದ ವಾರದ್ದು. ಆ ಹಾಳೆಗೆ ಗುಂಡುಪಿನ್ನು ಚುಚ್ಚಿದ್ದೇನೆ. ಇಲ್ಲಿಯ ಗಾಳಿಯಲ್ಲಿ ಉಪ್ಪಿದೆ, ಪಿನ್ನು ಬೇಗ ತುಕ್ಕು ಹಿಡಿಯುತ್ತದೆ. ವರ್ಷಕ್ಕೊಮ್ಮೆ ತೆಗೆದು ಹೊಸದು ಹಾಕು.